ನ್ಯೂ-ಓಲೆಸುಂಡ್‌ಗೆ ಮಣ್ಣು ತರಲು ಹೋಗುವವರಿಗೆ

ಮಣ್ಣಿನಲ್ಲಿ ಹೊಸ ಬ್ಯಾಕ್ಟೀರಿಯಾ ಹುಡುಕುವವರನ್ನು ಆರ್ಕ್ಟಿಕ್‌ನಲ್ಲಿರುವ ನಾರ್ವೆಯ ದ್ವೀಪಸಮೂಹ ಸ್ವಾಲ್‌ಬಾರ್ಡ್‌ನ ಲಾಂಗ್‌ಇಯರ್‌ಬೀನ್‌ನಿಂದ ನ್ಯೂ-ಓಲೆಸುಂಡ್‌ಗೆ ಕರೆದೊಯ್ಯುವುದು ಪುಟ್ಟ ಡಾರ್ನಿಯರ್ ವಿಮಾನ. ಹಾರಾಟ ಅರ್ಧ ಗಂಟೆಯೂ ಹಿಡಿಯದು. ಆದರೆ ಮಂಜು ಕವಿದರೆ ವಿಮಾನ ಏಳುವುದೇ ಇಲ್ಲ. ಸಾಮಾನಿನ ತೂಕದ ಮಿತಿ ಬಿಗಿ, ಹೀಗಾಗಿ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟುಗಳ (ಮುಚ್ಚಳವಿರುವ ಚಪ್ಪಟೆ ತಟ್ಟೆಗಳ) ಪೆಟ್ಟಿಗೆಯನ್ನು ಮೊದಲೇ ಹಡಗಿನಲ್ಲಿ ಕಳಿಸಿರುವುದು ಲೇಸು. ಮಣ್ಣು ತೆಗೆಯುವ ಚಮಚವನ್ನು ಸುಟ್ಟು ಶುಚಿ ಮಾಡಲು ಬೇಕಾದ ಸ್ಪಿರಿಟನ್ನು ಅಲ್ಲಿಯೇ ಹೊಂದಿಸಿಕೊಳ್ಳಬೇಕು.

ಊರು 78°55' ಉತ್ತರದಲ್ಲಿದೆ. 1962ರ ಗಣಿ ಸ್ಫೋಟದಲ್ಲಿ 21 ಜನ ಸತ್ತ ಮೇಲೆ ಕಲ್ಲಿದ್ದಲು ತೆಗೆಯುವುದು ನಿಂತಿತು; ಈಗ ಹಲವು ದೇಶಗಳ ಸಂಶೋಧಕರದ್ದೇ ಓಡಾಟ. ಭಾರತದ ಹಿಮಾದ್ರಿ ಕೇಂದ್ರ ಇಲ್ಲಿರುವುದು 2008ರಿಂದ. ಚೀನಾದ ಕೇಂದ್ರದ ಬಾಗಿಲಲ್ಲಿ ಎರಡು ಕಲ್ಲಿನ ಸಿಂಹಗಳು ಕೂತಿವೆ, ಗುರುತು ಹಿಡಿಯಲು ಸುಲಭ. ರೇಡಿಯೊ ದೂರದರ್ಶಕಕ್ಕೆ ತೊಂದರೆಯಾಗಬಾರದೆಂದು ವೈಫೈ, ಬ್ಲೂಟೂತ್ ಎರಡಕ್ಕೂ ನಿಷೇಧವಿದೆ. ಮಣ್ಣಿನ ಉಷ್ಣತೆ ಅಳೆಯಲು ಬ್ಲೂಟೂತ್ ಲಾಗರ್ (ಅಳತೆ ದಾಖಲಿಸುವ ಸಾಧನ) ತಂದವರಿಗೆ ಅದು ಬರೀ ಭಾರ. ವೈರ್ ಇರುವುದನ್ನೇ ತನ್ನಿ.

ಮಣ್ಣಿಗೆ ಒಳ್ಳೆಯ ಜಾಗ ಮಿಡ್ರೆ ಲೋವೆನ್‌ಬ್ರೀನ್ ಹಿಮನದಿಯ ಮುಂದಿನ ಬಯಲು. ಊರಿನಿಂದ ನಡೆದೇ ಹೋಗಬಹುದು. ಹಿಮ ಹಿಂದೆ ಸರಿದಂತೆ ತೆರೆದುಕೊಂಡ ನೆಲವಿದು. ಹಿಮದ ಅಂಚಿನಲ್ಲಿ ಕೆಲವೇ ವರ್ಷ ಬಿಸಿಲು ಕಂಡ ಪುಡಿಕಲ್ಲು, ದೂರ ಬಂದಂತೆ ಹಳೆಯ ಮಣ್ಣು, ಅದರ ಮೇಲೆ ಕಪ್ಪು ಹಪ್ಪಳದಂಥ ಜೈವಿಕ ಪದರ. ಹಿಮಕರಡಿಯ ಭಯವಿರುವುದರಿಂದ ರೈಫಲ್ ತರಬೇತಿ ಪಡೆದವರೊಬ್ಬರು ಜೊತೆಗಿರಲೇಬೇಕು. ಕರಗಿದ ನೀರಿನ ತೊರೆಗಳು ಮಧ್ಯಾಹ್ನದ ಮೇಲೆ ಉಕ್ಕುತ್ತವೆ, ಬೆಳಿಗ್ಗೆಯೇ ದಾಟಿ. ಜುಲೈನಲ್ಲಿ ಗೂಡು ಕಾಯುವ ಆರ್ಕ್ಟಿಕ್ ಟರ್ನ್ ಹಕ್ಕಿ ತಲೆಗೇ ಎರಗುತ್ತದೆ. ಕೋಲೊಂದನ್ನು ತಲೆಗಿಂತ ಎತ್ತರಕ್ಕೆ ಹಿಡಿದು ನಡೆದರೆ ಅದು ಕೋಲನ್ನೇ ಕುಕ್ಕುತ್ತದೆ.

ಮಾದರಿ ತೆಗೆಯುವಾಗ ಗಾಳಿಗೆ ಎದುರಾಗಿ ಕೂರಬೇಕು. ಬೆನ್ನ ಕಡೆಯಿಂದ ಗಾಳಿ ಬಂದರೆ ಜಾಕೆಟ್ಟಿನ ಮೇಲಿನ ಊರ ಬ್ಯಾಕ್ಟೀರಿಯಾ ನೇರ ಚೀಲಕ್ಕೆ ಬೀಳುತ್ತದೆ. ಚಮಚವನ್ನು 70% ಎಥನಾಲ್‌ನಲ್ಲಿ ಅದ್ದಿ ಸುಟ್ಟು, ಆರಿದ ಮೇಲೆ ಮೇಲಿನ ಒಂದು ಸೆಂ.ಮೀ. ಸರಿಸಿ ಕೆಳಗಿನದನ್ನು ತೆಗೆಯಿರಿ. ಹಕ್ಕಿಯ ಹಿಕ್ಕೆ, ದೂಳು ಕೂರುವುದು ಮೇಲೆಯೇ. ಒಂದು ಮೀಟರ್ ಚೌಕದಲ್ಲಿ ಐದು ಕಡೆ ಹತ್ತತ್ತು ಗ್ರಾಂ ತೆಗೆದು ಕಲಸಿದರೆ ಸಾಕು. ಕಪ್ಪು ಪದರವನ್ನು ಮಾತ್ರ ಬೇರೆ ಚೀಲದಲ್ಲಿಡಿ, ಅದರೊಳಗಿನ ಲೋಕವೇ ಬೇರೆ. ಅಷ್ಟು ಹೊತ್ತೂ ಒಂದು ಖಾಲಿ ಟ್ಯೂಬ್ ಬಾಯಿ ತೆರೆದಿರಲಿ. ಅದರಲ್ಲಿ ಬೆಳೆದದ್ದು ಮಣ್ಣಿನಲ್ಲೂ ಕಂಡರೆ ಅದು ಗಾಳಿಯಿಂದ ಬಿದ್ದದ್ದೆಂದು ಅನುಮಾನಿಸಬೇಕು. ಬೆಳೆಸುವ ಪಾಲನ್ನು 4 ಡಿಗ್ರಿಯಲ್ಲಿಟ್ಟು, ಡಿಎನ್‌ಎ ತೆಗೆಯುವ ಪಾಲನ್ನು ಹೆಪ್ಪುಗಟ್ಟಿಸಿ. ಒಂದೇ ಚೀಲವನ್ನು ಹೆಪ್ಪುಗಟ್ಟಿಸುವುದು ಕರಗಿಸುವುದು ಮಾಡುತ್ತಿದ್ದರೆ ಜೀವಕೋಶಗಳು ಒಡೆದು ಸಾಯುತ್ತವೆ.

ಸಾಧ್ಯವಾದರೆ ಪ್ಲೇಟು ಹಾಕುವುದನ್ನು ಅಲ್ಲೇ ಮುಗಿಸಿ. 1 ಗ್ರಾಂ ಮಣ್ಣಿಗೆ ತಣ್ಣಗಿನ 0.85% ಉಪ್ಪುನೀರು 9 ಮಿ.ಲೀ., ಅಲ್ಲಿಂದ ಹತ್ತು ಪಟ್ಟಿನಂತೆ ತೆಳುಮಾಡುತ್ತ ಹೋಗಿ, 100 ಮೈಕ್ರೊಲೀಟರನ್ನು ಸತ್ವ ಕಡಿಮೆಯಿರುವ ಆರ್2ಎ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಮಾಧ್ಯಮ) ಮೇಲೆ ಸವರಬೇಕು. ಸತ್ವ ಹೆಚ್ಚಿರುವ ಮಾಧ್ಯಮದಲ್ಲಿ ಆತುರದವು ಹಬ್ಬಿ ಉಳಿದವನ್ನು ಮುಚ್ಚಿಬಿಡುತ್ತವೆ. ಕರಗಿದ ಅಗರಿಗೇ ಮಾದರಿ ಬೆರೆಸುವ ವಿಧಾನ ಇಲ್ಲಿ ಬೇಡ. 45 ಡಿಗ್ರಿಯ ಅಗರ್ ಚಳಿಪ್ರಿಯ ಬ್ಯಾಕ್ಟೀರಿಯಾಕ್ಕೆ ಕುದಿನೀರೇ ಸರಿ. ಪ್ಲೇಟಿಗೆ ಪ್ಯಾರಾಫಿಲ್ಮ್ (ಮೇಣದಂಥ ಹಿಗ್ಗುವ ಪಟ್ಟಿ) ಸುತ್ತಿ 4 ಮತ್ತು 15 ಡಿಗ್ರಿಯಲ್ಲಿಟ್ಟು ಆರು ವಾರ ತಾಳಿ. ಯಾವ ಕಾಲೊನಿ (ಬ್ಯಾಕ್ಟೀರಿಯಾ ಗುಂಪಿನ ಚುಕ್ಕೆ) ಯಾವ ವಾರ ಕಂಡಿತೆಂದು ಪ್ಲೇಟಿನ ತಳದಲ್ಲಿ ಬರೆಯುತ್ತಿರಿ. ಹೊಸದು ಸಿಗುವ ಆಸೆ ಇರುವುದು ತಡವಾಗಿ ಮೂಡುವ ಸಣ್ಣ ಚುಕ್ಕೆಗಳಲ್ಲಿ. ಒಂದು ವಾರಕ್ಕೇ ಪ್ಲೇಟು ಎಸೆಯುವವರು ಅವನ್ನು ನೋಡುವುದೇ ಇಲ್ಲ.

ವಾಪಸು ಬರುವಾಗ ವಿಮಾನದಲ್ಲಿ ಒಬ್ಬ ಪ್ರಯಾಣಿಕನಿಗೆ 2.5 ಕೆ.ಜಿ. ಡ್ರೈ ಐಸ್ (ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡ್) ಮಾತ್ರ, ಅದೂ ಕಂಪನಿಯ ಒಪ್ಪಿಗೆ ಇದ್ದರೆ. ಪೆಟ್ಟಿಗೆಯನ್ನು ಗಾಳಿಯಾಡದಂತೆ ಬಿಗಿಯಬಾರದು, ಅನಿಲ ಹೊರಹೋಗಬೇಕು. ದಾರಿಯಲ್ಲಿ ತಡವಾದರೆ ಐಸ್ ಆವಿಯಾಗಿ ಹೋಗುತ್ತದೆ. ಹಾಗಾಗಿ ಬೇರ್ಪಡಿಸಿದ ತಳಿಗಳನ್ನು ಅಗರ್ ಓರೆಯಾಗಿ ಹೆಪ್ಪುಗಟ್ಟಿದ ಟ್ಯೂಬುಗಳಲ್ಲೂ ಇಟ್ಟುಕೊಂಡಿರಿ. ತಂಪು ಪೆಟ್ಟಿಗೆಯಲ್ಲಿ ಅವು ವಾರಗಟ್ಟಲೆ ಬದುಕುತ್ತವೆ.

ಪ್ರಯೋಗಾಲಯದಲ್ಲಿ ಮೊದಲು ಬ್ಯಾಕ್ಟೀರಿಯಾದ ಗುರುತು ಹೇಳುವ 16ಎಸ್ ಜೀನ್ ಓದಬೇಕು, ಸುಮಾರು 1,450 ಡಿಎನ್‌ಎ ಅಕ್ಷರ. ಹತ್ತಿರದ ಪ್ರಮಾಣ ತಳಿಯೊಂದಿಗೆ (ಒಂದು ಪ್ರಭೇದದ ಹೆಸರಿಗೆ ಆಧಾರವಾಗಿಟ್ಟ ತಳಿ) ಹೋಲಿಕೆ 98.7%ಕ್ಕಿಂತ ಕಡಿಮೆಯಿದ್ದರೆ ಹೊಸತಿರಬಹುದು. ಹೆಚ್ಚಿದ್ದರೂ ಕೈಬಿಡಬೇಡಿ: ಸ್ಯೂಡೊಮೋನಾಸ್‌ನಂಥ ಕುಲಗಳಲ್ಲಿ 99% ದಾಟಿದರೂ ಪ್ರಭೇದ ಬೇರೆಯಿರುತ್ತದೆ. ತೀರ್ಪು ಇಡೀ ಜೀನೋಮಿನದು: ಸರಾಸರಿ ನ್ಯೂಕ್ಲಿಯೊಟೈಡ್ (ಡಿಎನ್‌ಎ ಅಕ್ಷರ) ಹೋಲಿಕೆ 95-96%ಕ್ಕಿಂತ ಕೆಳಗೆ, ಡಿಜಿಟಲ್ ಡಿಎನ್‌ಎ-ಡಿಎನ್‌ಎ ಹೈಬ್ರಿಡೈಸೇಶನ್ (ಎರಡು ಜೀನೋಮ್ ಎಷ್ಟು ಹೊಂದುತ್ತವೆಂಬ ಕಂಪ್ಯೂಟರ್ ಲೆಕ್ಕ) 70%ಕ್ಕಿಂತ ಕೆಳಗೆ ಇರಬೇಕು. ಕೊಬ್ಬಿನಾಮ್ಲಗಳ ಪರೀಕ್ಷೆಯಲ್ಲಿ ಎಡವುವವರೇ ಹೆಚ್ಚು. ಚಳಿಯಲ್ಲಿ ಬೆಳೆದ ಕೋಶದ ಪೊರೆಯಲ್ಲಿ ಅಪರ್ಯಾಪ್ತ ಕೊಬ್ಬಿನಾಮ್ಲ ಹೆಚ್ಚುತ್ತದೆ. ನಿಮ್ಮದನ್ನು 10 ಡಿಗ್ರಿಯಲ್ಲಿ ಬೆಳೆಸಿ, ಇನ್ನಾರೋ 28ರಲ್ಲಿ ಬೆಳೆಸಿದ ಅಂಕಿಗಳ ಪಕ್ಕ ಇಟ್ಟರೆ ಇಲ್ಲದ ವ್ಯತ್ಯಾಸ ಕಾಣುತ್ತದೆ. ನಿಮ್ಮ ತಳಿ, ಹೋಲಿಸುವ ತಳಿ ಎರಡನ್ನೂ ಒಂದೇ ಮಾಧ್ಯಮ, ಒಂದೇ ಉಷ್ಣತೆಯಲ್ಲಿ ಅಕ್ಕಪಕ್ಕ ಬೆಳೆಸಬೇಕು.

ಆರ್2ಎ ಒಂದನ್ನೇ ನಂಬಿಕೊಂಡರೂ ಕೆಲವು ತಪ್ಪಿಹೋಗುತ್ತವೆ. ಇದೇ ದ್ವೀಪಗಳ ಜೌಗು ಮಣ್ಣಿನಿಂದ 2006ರಲ್ಲಿ ವರ್ಣಿಸಲಾದ ಮಿಥೈಲೊಬ್ಯಾಕ್ಟರ್ ಟಂಡ್ರಿಪಲೂಡಮ್ ಮಿಥೇನ್ ಉಂಡು ಬದುಕುವಂಥದ್ದು. ಅದನ್ನು ಬೆಳೆಸುವುದು ಬಾಟಲಿಯ ಗಾಳಿಗೆ ಮಿಥೇನ್ ಸೇರಿಸಿ. ಹೆಸರು ಕೊಟ್ಟ ಮೇಲೂ ವಿಳಾಸ ಬದಲಾಗುವುದುಂಟು: ಅಂಟಾರ್ಕ್ಟಿಕದ ಶಿರ್ಮಾಕರ್ ಓಯಸಿಸ್ ಮಣ್ಣಿನಿಂದ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯವರು 1992ರಲ್ಲಿ ಗುರುತಿಸಿದ ಸ್ಫಿಂಗೋಬ್ಯಾಕ್ಟೀರಿಯಮ್ ಅಂಟಾರ್ಕ್ಟಿಕಸ್ ಈಗ ಪೆಡೊಬ್ಯಾಕ್ಟರ್ ಕುಲದಲ್ಲಿದೆ.

ಹೆಸರು ಮಾನ್ಯವಾಗಲು ಪ್ರಮಾಣ ತಳಿಯನ್ನು ಎರಡು ಬೇರೆ ದೇಶಗಳ ಸೂಕ್ಷ್ಮಜೀವಿ ಸಂಗ್ರಹಾಲಯಗಳಿಗೆ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು. ಚಂಡೀಗಢದ ಎಂಟಿಸಿಸಿ, ಜರ್ಮನಿಯ ಡಿಎಸ್‌ಎಂಝಡ್ ಅಂಥವು. ಟ್ಯೂಬಿನ ಮೇಲೆ ಬೆಳೆಸುವ ಉಷ್ಣತೆಯನ್ನು ದಪ್ಪಕ್ಷರದಲ್ಲಿ ಬರೆದು ಕಳಿಸಿ. ಅಲ್ಲಿಯವರು ರೂಢಿಯಂತೆ 28 ಡಿಗ್ರಿಯಲ್ಲಿಟ್ಟರೆ ನಿಮ್ಮ ತಳಿ ಏಳುವುದಿಲ್ಲ, ಪತ್ರವೂ ಬರುವುದಿಲ್ಲ.