ಗಂಜಿನಲ್ಲಿ ಬಂದ ಮೈನಸ್ 49

ತೊಗರಿ ಸೀಸನ್. ಕಲಬುರಗಿ ಗಂಜಿನ, ಅಂದರೆ ಕೃಷಿ ಮಾರುಕಟ್ಟೆಯ, ಒಂದು ಅಡತ್ ಅಂಗಡಿಯಲ್ಲಿ ನಮ್ಮ ತೂಕದ ಯಂತ್ರ ಕೂರಿಸಲು ಟೀಮಿನ ಹುಡುಗಿಯೊಬ್ಬಳೇ ಹೋಗಿದ್ದಳು. ಹನ್ನೊಂದಕ್ಕೆ ಫೋನ್.

"ಸರ್, ಮೊದಲನೇ ಚೀಲಕ್ಕೇ ಮೈನಸ್ 49 ರೂಪಾಯಿ ತೋರಸ್ಲತ್ತದ್ರಿ."

ಹಿಂದೆ ಒಬ್ಬ ರೈತರ ದನಿ: "ತೊಗರಿ ಕೊಟ್ಟು ನಾನೇ ರೊಕ್ಕ ಕೊಡಬೇಕೇನ್ರಿ?" ಆ ಮಾತು ಇನ್ನೂ ಚುಚ್ಚುತ್ತದೆ.

"ಕೋಡ್ ತೆಗಿ, ಬಿಲ್ ಫಂಕ್ಷನ್ನಿನ ಇಫ್ ನೋಡು" ಅಂದೆ.

"ಇಫ್ ಎಲ್ಲೂ ಇಲ್ರಿ ಸರ್."

ಹೌದು, ತೆಗೆದವನು ನಾನೇ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸಿನ ಸ್ಟೀವ್ ಬೋರ್ನ್ ಯೂನಿಕ್ಸ್ ಕಂಪ್ಯೂಟರಿಗೆ ಆಜ್ಞೆ ಕೊಡುವ ಶೆಲ್ ಬರೆಯುವಾಗ ಮ್ಯಾಕ್ರೊ (ಒಂದು ಪದದ ಬದಲು ಇನ್ನೊಂದನ್ನು ಇಡುವ ಸೂಚನೆ) ಹಾಕಿ ಸಿ ಭಾಷೆಯ ಕೋಡನ್ನು ಅಲ್ಗಾಲ್ 68 ಎಂಬ ಬೇರೆ ಭಾಷೆಯಂತೆ ಕಾಣಿಸಿದ್ದರು. ಅರ್ಥವಾಗದ ಸಿ ಕೋಡಿಗೆಂದೇ 1984ರಲ್ಲಿ ಶುರುವಾದ ಸ್ಪರ್ಧೆಗೆ ಅದೂ ಒಂದು ಪ್ರೇರಣೆ. ಅದನ್ನು ಓದಿ ನನಗೂ ಹುಮ್ಮಸ್ಸು ಬಂತು. ಸಿ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಜಿಸಿಸಿ ಕಂಪೈಲರಿನ 10ನೇ ಆವೃತ್ತಿಯಿಂದ ಕೋಡಿನ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆಯಬಹುದು. ನಾನೂ ಮ್ಯಾಕ್ರೊ ಹಾಕಿ ಇಫ್ ಅನ್ನು 'ಇದ್ದರೆ' ಮಾಡಿದೆ, ವೈಲ್ ಅನ್ನು 'ತನಕ'. ಓದಲು ಎಷ್ಟು ಚೆಂದ ಇತ್ತು ಗೊತ್ತಾ! ಆಟಕ್ಕೆ ಮಾಡಿದ್ದನ್ನು ರಿಲೀಸಿಗೂ ಬಿಟ್ಟೆ. ಕೋಡನ್ನು ಇನ್ನೊಬ್ಬರು ನೋಡುವ ರಿವ್ಯೂಗೆ ಟೈಮ್ ಇಲ್ಲ ಎಂದು ಮ್ಯಾನೇಜರ್ ಅವಸರ ಮಾಡಿದ್ದು ನಿಜ. ಆದರೆ ನಾನೂ ಕೇಳಲಿಲ್ಲ.

ಅವಳಿಗೆ ಆ ಫೈಲಿನ ತಲೆಬುಡ ತಿಳಿಯಲಿಲ್ಲ. ಫೋನಲ್ಲಿ ಒಂದೊಂದೇ ಸಾಲು ಓದಿಸಿದರೆ ನನಗೂ ಹೊಳೆಯಲಿಲ್ಲ. ಸೆನ್ಸರ್ ಕೆಟ್ಟಿರಬೇಕು ಅಂದುಕೊಂಡು ತೂಕ ಅಳೆಯುವ ಲೋಡ್ ಸೆಲ್ಲಿನ ವೈರ್ ಬಿಚ್ಚಿಸಿದೆ. ಆಮೇಲೆ ಕ್ಯಾಲಿಬ್ರೇಷನ್ ಮತ್ತೆ ಮಾಡಿಸಿದೆ. ಇಪ್ಪತ್ತು ನಿಮಿಷ ಹೋಯಿತು. ಅಲ್ಲಿ ಚೀಲಗಳ ಸಾಲು ಬೆಳೆಯುತ್ತಿತ್ತು, ಹಮಾಲರು ಸುಮ್ನೆ ನಿಂತಿದ್ದರು.

ಕೊನೆಗೆ ಇಲ್ಲಿ ಜಿಸಿಸಿಗೆ ಮೈನಸ್ ಇ ಕೊಟ್ಟು ಮ್ಯಾಕ್ರೊ ಬಿಡಿಸಿ ನೋಡಿದೆ. 'ನಿವ್ವಳ' ಎಂಬ ಮ್ಯಾಕ್ರೊಗೆ 'ಒಟ್ಟು - ಖಾಲಿ' ಎಂದು ಬರೆದಿದ್ದೆ, ಬ್ರಾಕೆಟ್ ಹಾಕಿರಲಿಲ್ಲ. ಮ್ಯಾಕ್ರೊ ಬಿಡಿಸುವ ಪ್ರಿಪ್ರೊಸೆಸರಿಗೆ ಲೆಕ್ಕ ಬರುವುದಿಲ್ಲ. ಒಂದು ಪದ ತೆಗೆದು ಅಲ್ಲಿ ಇನ್ನೊಂದನ್ನು ಇಡುತ್ತದೆ, ಅಷ್ಟೇ. 'ನಿವ್ವಳ * ದರ' ಹೋಗಿ 'ಒಟ್ಟು - ಖಾಲಿ * ದರ' ಆಗಿತ್ತು. ಚೀಲ ಸೇರಿ 51 ಕಿಲೊ, ಖಾಲಿ ಚೀಲ 1 ಕಿಲೊ, ದರ 100. ಗುಣಾಕಾರ ಮೊದಲು. 5000 ಬರಬೇಕಾದಲ್ಲಿ 51ರಲ್ಲಿ 100 ಕಳೆದು ಮೈನಸ್ 49.

ಆಫೀಸಲ್ಲಿ ಯಾಕೆ ಸಿಗಲಿಲ್ಲ? ಟೆಸ್ಟಿಗೆ ದರ 1 ಅಂತ ಇಟ್ಟಿದ್ದೆ. 1 ಇದ್ದರೆ ಎರಡೂ ಲೆಕ್ಕಕ್ಕೆ ಉತ್ತರ 50.

ಎರಡು ಬ್ರಾಕೆಟ್ ಹಾಕಿಸಿದೆ, ಅವಳು ಯಂತ್ರಕ್ಕೆ ಕೋಡ್ ಮತ್ತೆ ಫ್ಲ್ಯಾಶ್ ಮಾಡಿದಳು, 5000 ಬಂತು. ಸಂಜೆ ಗಂಜಿಗೆ ಹೋಗಿ ಅಡತಿಯವರ ಕ್ಷಮೆ ಕೇಳಿದೆ. ಆ ರೈತರು ಅಷ್ಟೊತ್ತಿಗೆ ಊರಿಗೆ ಹೋಗಿದ್ದರು.

'ನಿವ್ವಳ' ಈಗ ಮ್ಯಾಕ್ರೊ ಅಲ್ಲ, ತಾನೇ ಲೆಕ್ಕ ಮಾಡಿ ಉತ್ತರ ಕೊಡುವ ಫಂಕ್ಷನ್. ಟೆಸ್ಟಿನ ದರ 87. ರಿವ್ಯೂಗೆ ಅರ್ಧ ಗಂಟೆ ಕೊಡಿ ಅಂತ ಮ್ಯಾನೇಜರ್ ಜೊತೆ ಜಗಳ ಇನ್ನೂ ನಡೆದಿದೆ.