ಮುಚ್ಚಳ ಹಾಕದ ಬೀಕರ್

ಎಂ.ಟೆಕ್ ಪ್ರಾಜೆಕ್ಟಿಗೆ ಅಂತ ಲ್ಯಾಬಿನಲ್ಲಿ ಅಗರ್ ಕಾಯಿಸುತ್ತಾ ನಿಂತಿದ್ದೆ. ಅಮ್ಮ ಪುಡ್ಡಿಂಗ್ ಮಾಡುವ ಚೈನಾ ಗ್ರಾಸ್ ಇದೇ. ನಾನು ಹಾಲು, ಸಕ್ಕರೆ ಬದಲು ಅಲ್ಯೂಮಿನಾ ಅನ್ನೋ ಸೆರಾಮಿಕ್ ಪುಡಿ ಹಾಕುತ್ತಿದ್ದೆ, ಅಷ್ಟೇ. ಸೆರಾಮಿಕ್ ವಸ್ತುಗಳನ್ನು ಅಚ್ಚಿಗೆ ಹೊಯ್ಯುವ ಒಂದು ದಾರಿ ಇದು.

ಅಗರ್ ಬಲು ಹಟಮಾರಿ. ಆರುತ್ತಾ ಬಂದು 35–40 ಡಿಗ್ರಿ ಹತ್ತಿರ ಗಟ್ಟಿಯಾಗುತ್ತದೆ. ಮತ್ತೆ ಕರಗಿಸಬೇಕೆಂದರೆ 85 ಡಿಗ್ರಿ ಆಸುಪಾಸಿಗೆ ಏರಿಸಬೇಕು. ತಣ್ಣಗಾಗುವಾಗ ಅದರ ಎಳೆಗಳು ಹುರಿಗೊಂಡು, ಆ ಹುರಿಗಳು ಕಟ್ಟುಕಟ್ಟಾಗಿ ಸೇರಿ ಬಲೆಯಾಗುತ್ತವೆ. ಆ ಕಟ್ಟು ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ. ಆದರೆ ಬಿಚ್ಚಿಕೊಳ್ಳುತ್ತದೆ ಅಲ್ವಾ? ಕೆಟ್ಟರೆ ಕರಗಿಸಿ ಮತ್ತೆ ಹೊಯ್ದರಾಯ್ತು ಅನ್ನೋದು ನನ್ನ ಧೈರ್ಯ.

100 ಎಂಎಲ್ ಮಿಶ್ರಣದಲ್ಲಿ 20 ಎಂಎಲ್ ಪುಡಿ. ತೂಕ ಸುಮಾರು 79 ಗ್ರಾಂ. ಮೆತ್ತನೆಯ ವಸ್ತುವಿಗೆ ಗಟ್ಟಿ ಪುಡಿ ಬೆರೆಸಿದರೆ ಅದು ಎಷ್ಟು ಗಡಸಾಗುತ್ತದೆ ಅಂತ ಅಂದಾಜಿಸುವುದು ಗುತ್–ಗೋಲ್ಡ್ ಸೂತ್ರ. ಅದರ ಪ್ರಕಾರ ಬರೀ ಜೆಲ್‌ಗಿಂತ ಇದು ಎರಡು ಪಟ್ಟು ಗಡಸಾಗಬೇಕು.

ಮೊದಲ ಸಲ ಅಚ್ಚಿನಿಂದ ತೆಗೆದರೆ ತಳ ಚಾಕ್‌ಪೀಸಿನಂತೆ ಬಿಳಿ, ಮೇಲೆ ಒಂದು ಬೆರಳು ದಪ್ಪ ಮಸುಕು ಜೆಲ್. ಕುದಿಯುವ ಬಿಸಿಯಲ್ಲೇ ಹೊಯ್ದಿದ್ದೆ. ಜೆಲ್ ಕಟ್ಟುವಷ್ಟರಲ್ಲಿ ಒರಟು ಪುಡಿಯೆಲ್ಲ ತಳ ಸೇರಿತ್ತು. ಒತ್ತಿದಾಗ ಮೇಲ್ಭಾಗ ಹೊಟ್ಟೆ ಉಬ್ಬಿಸಿಕೊಂಡಿತು, ಕೆಳಭಾಗ ಜಪ್ಪಯ್ಯ ಅನ್ನಲಿಲ್ಲ.

ಚೂರು ಮಾಡಿ ಮತ್ತೆ ಕುದಿಸಿದೆ. ಈ ಸಲ 45 ಡಿಗ್ರಿವರೆಗೂ ಕದಡುತ್ತಲೇ ಇದ್ದು, ಆಮೇಲೆ ಹೊಯ್ದೆ. ಇಡೀ ತುಂಡು ಒಂದೇ ಬಣ್ಣ. ಒತ್ತಿ ನೋಡಿದರೆ ಗಡಸುತನ ಸೂತ್ರಕ್ಕಿಂತ ಎಷ್ಟೋ ಜಾಸ್ತಿ! ಪುಡಿಗೂ ಜೆಲ್‌ಗೂ ಏನೋ ವಿಶೇಷ ನಂಟಿದೆ ಅಂತ ಮನಸ್ಸಿನಲ್ಲೇ ಪೇಪರ್ ಬರೆಯಲು ಶುರು ಮಾಡಿದ್ದೆ.

ಪಕ್ಕದ ಟೇಬಲಿನ ಸೀನಿಯರ್ ಅಕ್ಕ ಕೇಳಿದರು, "ಕರಗಿಸಿದ ಮೇಲೆ ತೂಕ ನೋಡಿದ್ಯಾ?"

ನೋಡಿರಲಿಲ್ಲ. ಎರಡು ಸಲ ಬೀಕರ್ ತೆರೆದಿಟ್ಟೇ ಕುದಿಸಿದ್ದೆ. ನೀರು ಆವಿಯಾಗಿ ಅಗರೂ ಮಂದವಾಗಿತ್ತು, ಪುಡಿಯ ಪಾಲೂ ಏರಿತ್ತು. ನಂಟೂ ಇಲ್ಲ, ಗಂಟೂ ಇಲ್ಲ.

ಹೊಸದಾಗಿ ಕಲಸಿ, ತೂಕ ಬರೆದಿಟ್ಟುಕೊಂಡು ಕುದಿಸಿದೆ. ಕಮ್ಮಿಯಾದಷ್ಟು ಬಿಸಿನೀರು ಸೇರಿಸಿ ಹೊಯ್ದೆ. ಉತ್ತರ ಎರಡು ಪಟ್ಟಿಗಿಂತ ಚೂರು ಮೇಲೆ ಬಂತು. ಅದನ್ನೇ ಕರಗಿಸಿ, ನೀರು ಸರಿ ಮಾಡಿ ಇನ್ನೊಮ್ಮೆ ಹೊಯ್ದರೂ ಹೆಚ್ಚುಕಮ್ಮಿ ಅಷ್ಟೇ.

ರಾತ್ರಿ ಫೋನಿನಲ್ಲಿ ಅಮ್ಮನಿಗೆ ಸುಮ್ನೆ ಹೇಳಿದೆ.

"ಮುಚ್ಚಳ ಹಾಕ್ದೇ ಕುದಿಸಿದ್ಯೇನೋ?" ಅಂದರು.