ಮಾರುತಿ 800 ಎಂಜಿನ್ ಕೆಲಸ: ಇಳಿಯದ ಐಡಲಿಂಗ್

ಎಂಜಿನ್ ಬಿಚ್ಚಿ, ಸವೆದ ಸಿಲಿಂಡರುಗಳನ್ನು ಕೊರೆಸಿ (ಬೋರಿಂಗ್) ಮರಳಿ ಜೋಡಿಸಿದ ನನ್ನ 2004ರ ಮಾರುತಿ 800 ಮೊದಲ ಸೆಲ್ಫ್‌ಗೇ ಚಾಲೂ ಆಯಿತು. ಆದರೆ ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಂತ ಮೇಲೂ, ಅಂದರೆ ಎಂಜಿನ್ ಪೂರ್ತಿ ಬಿಸಿಯಾದ ಮೇಲೂ, ಐಡಲಿಂಗ್ (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ತಿರುಗುವ ವೇಗ) ಕೆಳಗಿಳಿಯಲಿಲ್ಲ. ಕಾರಿನಲ್ಲಿ ಆರ್‌ಪಿಎಂ ಮೀಟರ್ ಇಲ್ಲದ್ದರಿಂದ ಬಳ್ಳಾರಿಯ ಕೌಲ್ ಬಜಾರ್‌ನ ಮಿಸ್ತ್ರಿಯೊಬ್ಬರ ಟ್ಯಾಕೋಮೀಟರ್ ತಂದು ನೋಡಿದಾಗ, 900ರ ಆಸುಪಾಸಿನಲ್ಲಿ ಇರಬೇಕಾದದ್ದು 1,700 ತೋರಿಸಿತು. "ಥ್ರಾಟಲ್ ಸ್ಕ್ರೂ ಒಂದೀಟು ಹಿಂದಕ್ಕ ತಿರುವಿಬಿಡ್ರಿ ಸಾರ್, ಇಳೀತೈತಿ" ಎಂದರು ಅವರು. ಎಂಜಿನ್ ಬಿಚ್ಚುವಾಗ ನಾನು ಮುಟ್ಟಿಯೇ ಇರದ ಆ ಸ್ಕ್ರೂವನ್ನು ಈಗ ತಿರುವಲು ಮನಸ್ಸು ಬರಲಿಲ್ಲ.

ಆಕ್ಸಿಲರೇಟರ್ ಕೇಬಲ್ ಕಳಚಿದರೂ ವ್ಯತ್ಯಾಸವಾಗಲಿಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಪ್ಪು ತಿಳಿದು ವೇಗ ಹೆಚ್ಚಿಸುತ್ತಿರಬಹುದೆಂದು ಕೂಲಂಟ್ ಸೆನ್ಸರ್ ಅಳೆದೆ: ಬಿಸಿಯಾದಾಗ 310 ಓಮ್. ಅದೂ ಸರಿಯಿತ್ತು.

ಬಳಿಕ ಏರ್ ಫಿಲ್ಟರ್‌ನ ಪೈಪು ತೆಗೆದು, ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯ ಬಾಯಿಗೆ ಅಂಗೈಯನ್ನು ಬಿಗಿಯಾಗಿ ಒತ್ತಿ ಹಿಡಿದೆ. ಗಾಳಿ ಬರುವ ದಾರಿ ಅದೊಂದೇ ಆಗಿದ್ದರೆ ಎಂಜಿನ್ ಕ್ಷಣದಲ್ಲಿ ನಿಲ್ಲಬೇಕು; ನನ್ನದು ಅಂಗೈ ಚರ್ಮವನ್ನು ಒಳಗೆ ಎಳೆದುಕೊಳ್ಳುತ್ತಲೇ ನಿಧಾನವಾಗಿ ಓಡುತ್ತಿತ್ತು. ಇಂಥ ಎಂಜಿನ್‌ನಲ್ಲಿ ಮ್ಯಾನಿಫೋಲ್ಡ್‌ಗೆ (ಥ್ರಾಟಲ್ ದಾಟಿದ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆಗೆ) ಕಳ್ಳಗಾಳಿ ನುಗ್ಗಿದರೆ ಅಲ್ಲಿನ ಒತ್ತಡ ಏರುತ್ತದೆ, ಆ ಒತ್ತಡವನ್ನು ಅಳೆಯುವ ಮ್ಯಾಪ್ ಸೆನ್ಸರನ್ನು ನಂಬಿ ಇಸಿಯು ಪೆಟ್ರೋಲನ್ನೂ ಹೆಚ್ಚಿಸುತ್ತದೆ. ಹೀಗಾಗಿ ಎಂಜಿನ್ ತಡವರಿಸುವ ಬದಲು ರೇಸ್ ಆಗುತ್ತದೆ. ಸಂಡೂರು ರಸ್ತೆಯ ಅದಿರಿನ ಧೂಳು ಫಿಲ್ಟರ್ ದಾಟದೆ ಹೊಸ ಬೋರಿಗೆ ನೇರವಾಗಿ ಇಳಿಯುತ್ತಿದೆ ಎಂಬ ಯೋಚನೆ ಐಡಲಿಂಗ್‌ಗಿಂತ ಹೆಚ್ಚು ಕಾಡಿತು.

ಮ್ಯಾನಿಫೋಲ್ಡ್‌ಗೆ ಸೇರುವ ಬ್ರೇಕ್ ಬೂಸ್ಟರ್ ಮತ್ತು ಪಿಸಿವಿ (ಎಂಜಿನ್ ಒಳಗಿನ ಆವಿಯನ್ನು ಮರಳಿ ಎಳೆಯುವ ವಾಲ್ವ್) ಪೈಪುಗಳನ್ನು ಇಕ್ಕಳದಲ್ಲಿ ಅದುಮಿದರೂ ವೇಗ ಬದಲಾಗಲಿಲ್ಲ. ಕೊನೆಗೆ ಸಿರಿಂಜ್‌ನಿಂದ ಮ್ಯಾನಿಫೋಲ್ಡ್ ಅಂಚಿಗೆ ನೀರು ಹನಿಸುತ್ತ ಹೋದಾಗ ಮೂರನೆಯ ಸಿಲಿಂಡರಿನ ಕೆಳಭಾಗದಲ್ಲಿ ನೀರು ಸುರ್ ಎಂದು ಒಳಗೆ ಹೋಗಿ, ಎಂಜಿನ್ ಒಂದು ಕ್ಷಣ ಕುಸಿದು ಮತ್ತೆ ಏರಿತು.

ಅಲ್ಲಿನ ನಟ್ಟನ್ನು 23 ನ್ಯೂಟನ್ ಮೀಟರ್‌ಗೆ ನಾನೇ ಬಿಗಿಮಾಡಿದ್ದೆ, ನಿಗದಿತ ಬಿಗಿ ಮುಟ್ಟಿದಾಗ ಟಾರ್ಕ್ ರೆಂಚ್ ಕಟಕ್ ಎಂದದ್ದೂ ನೆನಪಿದೆ. ಮ್ಯಾನಿಫೋಲ್ಡ್ ಇಳಿಸಿದಾಗ ಗುಟ್ಟು ತಿಳಿಯಿತು: ಸಿಲಿಂಡರ್ ಹೆಡ್‌ನ ಮೇಲ್ಮೈ ಸಮ ಮಾಡಿಸಲು (ಹೆಡ್ ಫೇಸಿಂಗ್) ತೆಗೆದಿದ್ದ ಸ್ಟಡ್ಡನ್ನು, ಅಂದರೆ ನಟ್ಟು ಕೂರುವ ಎರಡೂ ತುದಿ ಥ್ರೆಡ್ಡಿನ ಸರಳನ್ನು, ನಾನು ಪೂರ್ತಿ ಒಳಕ್ಕೆ ಕೂರಿಸಿರಲಿಲ್ಲ, ನಟ್ಟು ಮ್ಯಾನಿಫೋಲ್ಡನ್ನು ಒತ್ತುವ ಮೊದಲೇ ಸ್ಟಡ್ಡಿನ ಥ್ರೆಡ್ ಮುಗಿದು ಅಲ್ಲೇ ಕಚ್ಚಿಕೊಂಡಿತ್ತು. ಗ್ಯಾಸ್ಕೆಟ್‌ನ ಆ ಮೂಲೆಯಲ್ಲಿ ಅಚ್ಚೇ ಬಿದ್ದಿರಲಿಲ್ಲ. ಕುಂಕುಮದ ಗೆರೆಯಂತೆ ಕೆಂಪು ಧೂಳು ಕೂತಿತ್ತು.

ಎರಡು ನಟ್ಟುಗಳನ್ನು ಒಂದಕ್ಕೊಂದು ಲಾಕ್ ಮಾಡಿ ಸ್ಟಡ್ಡನ್ನು ಹೊರತೆಗೆದು, ಥ್ರೆಡ್ಡನ್ನು ಸ್ವಚ್ಛಗೊಳಿಸಿ ತಳದವರೆಗೆ ಕೂರಿಸಿ, ಹೊಸ ಗ್ಯಾಸ್ಕೆಟ್ ಹಾಕಿದೆ. ಈಗ ಬಿಸಿ ಎಂಜಿನ್ 920ರಲ್ಲಿ ನಿಲ್ಲುತ್ತದೆ, ಅಂಗೈ ಮುಚ್ಚಿದರೆ ತಕ್ಷಣ ಆರುತ್ತದೆ. ಧೂಳು ಎಷ್ಟು ಒಳಹೋಯಿತೋ ಎಂಬ ಅನುಮಾನಕ್ಕೆ ನಾಳೆ ಆಯಿಲ್ ಬದಲಿಸಿ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯುತ್ತೇನೆ.